ಹನ್ನೊಂದು ಮಿಲಿಗ್ರಾಂ

ಮಾರ್ಚ್ 6, ಬೆಳಗ್ಗೆ 7.10

ನಾಡಿ 68. ಬಿ.ಪಿ. 118/76. ತೂಕ 61.4. ಕ್ಯಾಪ್ಸೂಲ್ ನುಂಗಿ ಆಯಿತು. ಫಾರಂ ತುಂಬಿದೆ. ಎದೆನೋವು — ಇಲ್ಲ. ತಲೆಸುತ್ತು — ಇಲ್ಲ. ಕೊನೆಗೆ 'ಇತರೆ' ಎಂದು ಒಂದು ಕಾಲಂ. 'ಕುತೂಹಲ' ಎಂದು ಬರೆಯೋಣ ಅನ್ನಿಸಿತು. ಫಾರಂ ನೋಡುವ ಸಿಸ್ಟರ್‌ಗೆ ತಮಾಷೆ ಹಿಡಿಸುವುದಿಲ್ಲ. ಬಿಟ್ಟೆ.

ಹಾರ್ಟ್ ಅಟ್ಯಾಕ್ ಆಗಿ ಹತ್ತು ದಿನ. ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನ. ತಂಗಿ ರಜೆ ಹಾಕಿ ಕಾವಲು ಕೂತಿದ್ದಾಳೆ. ಲೈಬ್ರರಿಯಲ್ಲಿ ಕೆಲಸ ಅವಳದು. ಮನೆಯಲ್ಲೂ ಅದೇ ರೂಲ್ಸ್ — ಸದ್ದು ಮಾಡಬೇಡ, ಸುಮ್ಮನೆ ಕೂತು ಓದು. ಮೆಟ್ಟಿಲು ಹತ್ತಬೇಡ. ಬಕೆಟ್ ಎತ್ತಬೇಡ. ಉಪ್ಪು ಮುಟ್ಟಬೇಡ. ನಾನು ಅಕ್ಕನೋ ಅವಳು ಅಕ್ಕನೋ ತಿಳಿಯದಾಗಿದೆ.

ಕ್ಯಾಪ್ಸೂಲ್ ವಿಚಾರ. ಬಾಟಲಿಯ ಮೇಲೆ ಮದ್ದಿನ ಹೆಸರಿಲ್ಲ, ನಂಬರ್ ಮಾತ್ರ: 0217. ಅಟ್ಯಾಕ್ ಆದ ಮೇಲೆ ಹೃದಯವನ್ನು ಕಾಪಾಡುವ ಹೊಸ ಮದ್ದಿನ ಟ್ರಯಲ್. ಸೇರಿದವರು 640 ಜನ. ಅರ್ಧ ಜನಕ್ಕೆ ಮದ್ದು, ಇನ್ನರ್ಧಕ್ಕೆ ಅದರಂತೆಯೇ ಕಾಣುವ ಹುಸಿ ಕ್ಯಾಪ್ಸೂಲ್, ಒಳಗೆ ಬರೀ ಪುಡಿ. ದಿನಕ್ಕೆ ಎರಡು, ಹನ್ನೆರಡು ವಾರ. ಯಾರಿಗೆ ಯಾವುದು ಎಂದು ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಕೊಡುವ ಸಿಸ್ಟರ್‌ಗೂ ಗೊತ್ತಿಲ್ಲ. ಎಲ್ಲೋ ಇರುವ ಒಂದು ಕಂಪ್ಯೂಟರಿಗೆ ಗೊತ್ತು. ಅದು ಬಾಯಿ ಬಿಡುವುದಿಲ್ಲ.

ಇಪ್ಪತ್ತೊಂಬತ್ತು ವರ್ಷ ತೂಕ-ಅಳತೆ ಇನ್ಸ್‌ಪೆಕ್ಟರ್ ಆಗಿದ್ದವಳ ಕೈಗೆ ಇಂಥದ್ದನ್ನು ಕೊಟ್ಟು ಸುಮ್ಮನೆ ನುಂಗು ಎಂದರೆ ಹೇಗೆ?

ಮಾರ್ಚ್ 7, ಮಧ್ಯಾಹ್ನ

ಮರೆಯುವ ಮುಂಚೆ ಬರೆದಿಡಬೇಕು. ಆಸ್ಪತ್ರೆಯ ಎರಡು ಸಂಗತಿ.

ಒಂದು. ಟ್ರಯಲ್ ಡಾಕ್ಟರ್ — ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ಸದಾ ಪೆನ್ — ಗ್ಲೌಸಿನ ಖಾಲಿ ಡಬ್ಬದ ಮೇಲೆ ಹೃದಯ ಬರೆದು ತೋರಿಸಿದರು. ರಕ್ತನಾಳ ಕಟ್ಟಿಕೊಂಡಿತ್ತು, ಬಿಡಿಸಿ ಸ್ಟೆಂಟ್ ಇಟ್ಟಿದ್ದಾರೆ. ಆದರೆ ಅಷ್ಟರಲ್ಲಿ ಒಂದು ಕಡೆಯ ಮಾಂಸ ಸತ್ತುಹೋಗಿದೆ. "ಅದನ್ನ ಕ್ಲೀನ್ ಮಾಡೋಕೆ ಮೈಯೇ ಆಳುಗಳನ್ನ ಕಳಿಸುತ್ತೆ. ಅವರು ಕಸದ ಜೊತೆ ಪಕ್ಕದ ಒಳ್ಳೆ ಗೋಡೇನೂ ಕೆಡವ್ತಾರೆ. ಈ ಮದ್ದು ಅವರಿಗೆ, ಸ್ವಲ್ಪ ನಿಧಾನ ಕಣ್ರಪ್ಪ, ಅನ್ನುತ್ತೆ. ಹಾಗಂತ ನಮ್ಮ ಊಹೆ." ಊಹೆ ಎಂದು ಒಪ್ಪಿಕೊಂಡರಲ್ಲ, ಅದಕ್ಕೇ ಸಹಿ ಹಾಕಿದೆ. ಹನ್ನೊಂದು ಪುಟದ ಫಾರಂ. ಎರಡು ಸಲ ಓದಿಯೇ ಹಾಕಿದೆ.

ಎರಡು. ಮೊದಲ ದಿನ, ಸ್ಟೆಂಟ್ ಹಾಕಿ ವಾರ್ಡಿಗೆ ತಂದಾಗ, ಮೈ ನಡುಗುವುದು ನಿಲ್ಲುತ್ತಿರಲಿಲ್ಲ. ಚಳಿಯಲ್ಲ, ಹೆದರಿಕೆ. ಹಲ್ಲು ಕಟಕಟ. ಆಗ ಪರದೆಯ ಆಚೆಯಿಂದ ಒಂದು ಗಂಡಸಿನ ದನಿ: "ಅಕ್ಕಾ, ಈಗ ಬಂದುಹೋದ್ರಲ್ಲ ದೊಡ್ಡ ಡಾಕ್ಟ್ರು, ಎದೆ ನಲವತ್ತೆರಡು, ತೋಳು ಇಪ್ಪತ್ಮೂರು. ಕಾಲರ್ ಯಾವನೋ ಕಣ್ಣು ಮುಚ್ಕೊಂಡು ಹೊಲಿದಿದಾನೆ." ನಗು ಬಂತು. ನಡುಕ ನಿಂತಿತು. ಮಧ್ಯಾಹ್ನವಿಡೀ ಒಳಗೆ ಬಂದವರ ಅಳತೆ ಹೇಳುತ್ತಲೇ ಇದ್ದ. ಸಿಸ್ಟರ್ ಗದರಿದರೆ ಸುಮ್ಮನಾಗಿ, ಅವರು ಹೋದ ಮೇಲೆ ಅವರದನ್ನೂ ಹೇಳಿದ.

ಅವನು ಟೈಲರ್. ನಮ್ಮಿಬ್ಬರಿಗೂ ಒಂದೇ ದಿನ ಅಟ್ಯಾಕ್. ಅವನೂ ಟ್ರಯಲ್‌ಗೆ ಸೇರಿದ್ದಾನೆ. ಬಾಟಲಿ ನಂಬರ್ 0218.

ಮಾರ್ಚ್ 9

ಅಟ್ಟದಿಂದ ತಕ್ಕಡಿ ಇಳಿಸಿಕೊಂಡೆ. ತಂಗಿ ಬೈದುಕೊಂಡೇ ಇಳಿಸಿಕೊಟ್ಟಳು. ಗಾಜಿನ ಪೆಟ್ಟಿಗೆಯ ಹಳೇ ತಕ್ಕಡಿ, ಚಿನ್ನದಂಗಡಿಯದು. ನಾನು ರಿಟೈರ್ ಆದಾಗ ಕಚೇರಿಯವರು ಕೊಟ್ಟ ಬೀಳ್ಕೊಡುಗೆ. ಒಂದು ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ಮುಳ್ಳು ಅಲುಗುತ್ತದೆ.

ಹತ್ತು ಕ್ಯಾಪ್ಸೂಲ್ ತೂಗಿದೆ. 416ರಿಂದ 420ರ ಒಳಗೆ. ಸರಾಸರಿ 418 ಮಿಲಿಗ್ರಾಂ. ಶಿಸ್ತಿನ ಕೆಲಸ. ಆದರೆ ಇದರಿಂದ ತಿಳಿಯಿತೇನು? ಏನೂ ಇಲ್ಲ. ಹೋಲಿಸಲು ಇನ್ನೊಂದು ಬೇಕು.

"ಅದ್ನ ಯಾಕೆ ತೂಗ್ತಿದೀಯ?" ತಂಗಿ.

"ಸುಮ್ನೆ."

"ನಿನ್ನ ಕೈಗೆ ತಕ್ಕಡಿ ಸಿಕ್ರೆ ದೇವ್ರನ್ನೂ ತಟ್ಟೇಲಿ ಕೂರಿಸ್ತೀಯ. ಹುಟ್ಟುಗುಣ."

ಮಾರ್ಚ್ 14

ಆಸ್ಪತ್ರೆಗೆ ಮೊದಲ ಚೆಕಪ್. ಸಿಸ್ಟರ್ ಬಾಟಲಿ ಸುರಿದು ಉಳಿದ ಕ್ಯಾಪ್ಸೂಲ್ ಒಂದೊಂದಾಗಿ ಎಣಿಸಿದರು. ತಪ್ಪಿಸಿದ್ದೇವೋ ಎಂದು ನೋಡಲು. ಟೈಲರ್ ಅವರಿಗೆ ಡಬ್ಬಿ ಸಿಸ್ಟರ್ ಎಂದು ಹೆಸರಿಟ್ಟಿದ್ದಾನೆ. ಇನ್ನು ಈ ಪುಸ್ತಕದಲ್ಲೂ ಅದೇ.

ಬೆಂಚಿನ ಮೇಲೆ ಟೈಲರ್ ಪಕ್ಕ ಕೂತಿದ್ದೆ. ಕಾಗದ ತೋರಿಸಿದ. ಹೃದಯ ಒಂದು ಸಲ ಹಿಂಡಿದರೆ ಒಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎನ್ನುವ ಲೆಕ್ಕ ಅದರಲ್ಲಿದೆ. ಚೆನ್ನಾಗಿರುವವರಿಗೆ 55ರ ಮೇಲೆ. ನನಗೆ 46. ಅವನಿಗೆ 31.

ನೋವು ಬಂದ ಮೇಲೂ ನಾಲ್ಕು ಗಂಟೆ ಕೂತು ಒಂದು ಕೋಟಿನ ಗುಂಡಿಯ ಕಾಜ ಮುಗಿಸಿದನಂತೆ, ಗಿರಾಕಿ ಮರುದಿನ ಪ್ರಯಾಣ ಹೊರಟಿದ್ದ ಎಂದು. ಅಷ್ಟರಲ್ಲಿ ಹೃದಯದ ಮುಂಭಾಗ ಪೂರಾ ಹೋಗಿತ್ತು. ಅಂದರೆ ಪರದೆಯ ಆಚೆಯಿಂದ ನನ್ನನ್ನು ನಗಿಸಿದವನು ನನಗಿಂತ ಕೆಟ್ಟ ಸ್ಥಿತಿಯಲ್ಲಿದ್ದ. ನನಗೆ ಗೊತ್ತೇ ಇರಲಿಲ್ಲ.

ಮೂರು ತಿಂಗಳ ಸ್ಕ್ಯಾನಿನಲ್ಲೂ 35 ದಾಟದಿದ್ದರೆ ಎದೆಯ ಚರ್ಮದ ಕೆಳಗೆ ಒಂದು ಪೆಟ್ಟಿಗೆ ಇಡುತ್ತಾರಂತೆ. ಬಡಿತ ಕೆಟ್ಟರೆ ಒಳಗಿಂದಲೇ ಶಾಕ್ ಕೊಡುವ ಯಂತ್ರ.

"ಇಲ್ಲಿ ಇಡ್ತಾರಂತೆ ಅಕ್ಕಾ," ಎಡ ಭುಜದ ಕೆಳಗೆ ಮುಟ್ಟಿ ತೋರಿಸಿದ. "ನಾನು ಎಡಗೈಯವನು. ಇಲ್ಲಿ ಪೆಟ್ಟಿಗೆ ಇಟ್ಕೊಂಡು ದಪ್ಪ ಬಟ್ಟೆಗೆ ಕತ್ತರಿ ಹೆಂಗೆ ಒತ್ಲಿ? ಕೆಲಸ ಮಾಡ್ತಿರುವಾಗ್ಲೇ ಅದು ಒದ್ರೆ?"

"ನಿಮ್ದು ಮೂವತ್ತೈದು ದಾಟುತ್ತೆ ಬಿಡಿ."

"ಅಕ್ಕ ಅಂದ್ಮೇಲೆ ನೀನು ಅನ್ಬೇಕು. ಇಲ್ಲಾಂದ್ರೆ ನಾನು ಅಕ್ಕ ಅನ್ನಲ್ಲ, ಇನ್ಸ್‌ಪೆಕ್ಟರಮ್ಮ ಅಂತೀನಿ."

"ಸರಿ. ನಿನ್ನ ಬಾಟ್ಲಿ ಎಲ್ಲಿ?" ಎಂದೆ.

ಮಾರ್ಚ್ 17

ತಕ್ಕಡಿಯನ್ನು ಆಟೋದಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ಟೈಲರ್ ಅಂಗಡಿಗೆ ಒಯ್ದೆ. ತಂಗಿಗೆ 'ವಾಕಿಂಗ್' ಎಂದೆ. ಗಾಜಿನ ಪೆಟ್ಟಿಗೆ ಹೊತ್ತು ವಾಕಿಂಗ್ ಹೋಗುವವರನ್ನು ಅವಳು ನೋಡಿಲ್ಲ, ಆದರೂ ಬಿಟ್ಟಳು.

ಮಹಡಿಯ ಮೇಲೆ ಒಂದೇ ಕೋಣೆ. ಹನ್ನೆರಡು ಮೆಟ್ಟಿಲು. ಕಟಿಂಗ್ ಟೇಬಲ್ ಗೋಡೆಯಿಂದ ಗೋಡೆಗೆ. ಹ್ಯಾಂಗರಿನಲ್ಲಿ ತೋಳಿಲ್ಲದ ಕೋಟುಗಳು. ಟೈಲರ್ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಉಸಿರೂ ಬಿಗಿಹಿಡಿದು ನಿಂತ. "ಉಸಿರಾಡು ಮಾರಾಯ, ಮತ್ತೆ ಆಸ್ಪತ್ರೆಗೆ ಹೊರಬೇಕಾದೀತು" ಎಂದೆ.

ಅವನ ಹತ್ತು ಕ್ಯಾಪ್ಸೂಲ್: 405ರಿಂದ 409. ಸರಾಸರಿ 407.

ಮತ್ತೆ ತೂಗಿದೆ. ತಟ್ಟೆ ಅದಲುಬದಲು ಮಾಡಿ ತೂಗಿದೆ. ಅದೇ. ಹನ್ನೊಂದು ಮಿಲಿಗ್ರಾಂ ವ್ಯತ್ಯಾಸ, ಅವನದು ಒಂದೂ ನನ್ನವುಗಳ ಗೆರೆ ಮುಟ್ಟಲಿಲ್ಲ. ನೋಡಲು ಎರಡೂ ಅವಳಿಜವಳಿ. ಆದರೆ ಒಳಗಿರುವುದು ಬೇರೆ ಬೇರೆ!

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ನೌಕರಿಯಲ್ಲಿದ್ದಾಗ ಮೊದಲ ಕಳ್ಳ ತೂಕ ಹಿಡಿದ ದಿನದ ಖುಷಿಯೇ ಆಯಿತು. ಕಂಪ್ಯೂಟರ್ ಬಾಯಿ ಬಿಡದಿದ್ದರೇನು, ತಕ್ಕಡಿ ಬಿಟ್ಟಿತು.

ಆಮೇಲೆ ಟೈಲರ್ ಮುಖ ನೋಡಿದೆ. "ಯಾವ್ದಕ್ಕಾ ಅಸಲಿ?" ಎಂದ.

ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಹಿಡಿದದ್ದೆಲ್ಲ ಕಡಿಮೆ ತೂಕವನ್ನೇ. ಮೋಸ ಇರುವ ಕಡೆ ತೂಕ ಕಡಿಮೆ ಇರುತ್ತದೆ. ಭಾರದ್ದರಲ್ಲಿ ಏನೋ ಇದೆ, ಹಗುರದ್ದರಲ್ಲಿ ಇಲ್ಲ.

"ನನ್ನದು," ಎಂದೆ.

ಅವನು ಟೇಪನ್ನು ಕೊರಳಿಂದ ತೆಗೆದು ಸುತ್ತಿಟ್ಟ. "ಹೋಗ್ಲಿ ಬಿಡಿ. ಇಬ್ರಲ್ಲಿ ಒಬ್ರಿಗಾದ್ರೂ ಸಿಕ್ತಲ್ಲ" ಎಂದ. ಇಳಿಯುವಾಗ ತಕ್ಕಡಿ ಹಿಡಿದುಕೊಳ್ಳಲು ಬಂದ. ಹನ್ನೆರಡು ಮೆಟ್ಟಿಲಿಗೆ ಎರಡು ಸಲ ಉಸಿರಿಗಾಗಿ ನಿಂತ. ಇಳಿಯುವುದಕ್ಕೂ!

ಮಾರ್ಚ್ 18

ಎಲ್ಲ ಕೆಲಸದ ನಡುವೆ ಅದೇ ಯೋಚನೆ. 46ರವಳಿಗೆ ಮದ್ದು. 31ರವನಿಗೆ ಪುಡಿ. ಇದು ಯಾವ ನ್ಯಾಯ?

ಸಂಜೆ 5. ಫೋನ್ ಮಾಡಿದೆ. ಬೆಳಗಿನದು ಅವರವರ ಬಾಟಲಿಯಿಂದ, ಸಂಜೆಯದು ಒಬ್ಬರದು ಇನ್ನೊಬ್ಬರಿಗೆ. ಇಬ್ಬರಿಗೂ ಅರ್ಧರ್ಧ ಮದ್ದು. ವಾರಕ್ಕೊಮ್ಮೆ ಏಳೇಳು ಕ್ಯಾಪ್ಸೂಲ್ ಬದಲಾಯಿಸಿಕೊಂಡರಾಯಿತು. ಎಣಿಸಿದರೂ ಲೆಕ್ಕ ಸರಿ ಬರುತ್ತದೆ.

"ಬೇಡಕ್ಕಾ. ನಿಮ್ಮ ಪಾಲಿಂದು."

"ಕೇಳ್ತಿಲ್ಲ ನಾನು, ಹೇಳ್ತಿದೀನಿ."

ಸಹಿ ಹಾಕಿದ ಫಾರಂನ ಏಳನೇ ಪುಟದಲ್ಲಿ ಸ್ಪಷ್ಟವಾಗಿ ಇದೆ — ಮಾತ್ರೆಯನ್ನು ಬೇರೆಯವರಿಗೆ ಕೊಡಕೂಡದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗೊತ್ತಿದ್ದೇ ಮೇಯುತ್ತಿದ್ದೇನೆ. ನಾಳೆ ಸಂಜೆಯಿಂದ ಶುರು.

ಏಪ್ರಿಲ್ 2

ಬರೆಯದೆ ಹದಿನೈದು ದಿನ. ಬರೆದರೆ ಸಾಕ್ಷಿ ಎನ್ನುವ ಭಯ. ನನ್ನ ವಿರುದ್ಧ ನಾನೇ!

ಇವತ್ತು ಚೆಕಪ್. ಡಬ್ಬಿ ಸಿಸ್ಟರ್ ಎಣಿಸುವಾಗ ಟೇಬಲ್ ನೋಡುತ್ತ ಕೂತೆ. "ಯಾಕೆ ಬೆವರ್ತಿದೀರ? ನೋವಿದೆಯಾ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸೆಕೆ ಎಂದೆ. "ನೀವಿಬ್ರೂ ನನ್ನ ಬೆಸ್ಟ್ ಪೇಷಂಟ್ಸ್, ಒಂದೂ ತಪ್ಪಿಸಲ್ಲ" ಎಂದು ಬೆನ್ನು ತಟ್ಟಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಟೈಲರ್ ಹನ್ನೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದಾನೆ. ನನ್ನೆದುರೇ ಹತ್ತಿ ತೋರಿಸಿದ, ಮೇಲೆ ನಿಂತು ಸಲ್ಯೂಟ್ ಬೇರೆ. ನನಗೇ ಈಚೆಗೆ ಸ್ವಲ್ಪ ಸುಸ್ತು. ಅರ್ಧ ಮದ್ದು ಬಿಟ್ಟಿದ್ದಕ್ಕೆ ಇರಬೇಕು. ಇರಲಿ, ತಡೆದುಕೊಳ್ಳಬಹುದು.

ಏಪ್ರಿಲ್ 11

ಡಾಕ್ಟರನ್ನು ಸುತ್ತುಬಳಸಿ ಕೇಳಿದೆ. "ಒಬ್ಬಿಬ್ರು ಮಾತ್ರೆ ಸರಿಯಾಗಿ ತಗೊಳ್ದೆ ಹೋದ್ರೆ ನಿಮಗೇನಾಗುತ್ತೆ?"

ಪೆನ್ ಹೊರಬಂತು. ಬಿಳಿ ಕಾಗದದ ಮೇಲೆ ಎರಡು ಗುಡ್ಡ ಬರೆದರು, ಒಂದರ ಮೇಲೊಂದು ಕೂತಂತೆ. "ಇದು ಮದ್ದಿನ ಗುಂಪು, ಇದು ಹುಸಿ ಗುಂಪು. ಮದ್ದು ಕೆಲಸ ಮಾಡಿದ್ರೂ ಇವೆರಡರ ಮಧ್ಯ ಇಷ್ಟೇ ಜಾಗ ಇರೋದು, ಕೂದಲೆಳೆಯಷ್ಟು. ಇವರು ಅವರದ್ದು, ಅವರು ಇವರದ್ದು ತಿಂದ್ರೆ ಆ ಎಳೆಯೂ ಕಾಣಲ್ಲ. ಒಳ್ಳೆ ಮದ್ದನ್ನ ಕೈಯಾರೆ ಕಸಕ್ಕೆ ಹಾಕ್ತೀವಿ. ಆಮೇಲೆ ಬರೋ ರೋಗಿಗಳಿಗೆ ಅದು ಸಿಗೋದೇ ಇಲ್ಲ."

ಕಾಗದ ಕೇಳಿ ತಂದೆ. ಈಗ ಎದುರಿಗಿದೆ. ಅಂಗಡಿಯವರು ತಕ್ಕಡಿಯ ತಟ್ಟೆಗೆ ಹೆಬ್ಬೆರಳು ಒತ್ತುತ್ತಿದ್ದರು. ಸಿಕ್ಕಿಬಿದ್ದಾಗ ಎಲ್ಲರದ್ದೂ ಒಂದೇ ಮಾತು — ಒಂಚೂರು ತಾನೇ ಮೇಡಂ. ನನ್ನದೂ ಈಗ ಅದೇ ಮಾತು.

ಹೇಳಿಬಿಡಲೇ? ಹೇಳಿದರೆ ಟೈಲರ್‌ಗೆ ಇಷ್ಟೂ ಸಿಗುವುದಿಲ್ಲ. ಮೆಟ್ಟಿಲ ಮೇಲೆ ನಿಂತು ಸಲ್ಯೂಟ್ ಹೊಡೆದನಲ್ಲ...

ಏಪ್ರಿಲ್ 16

ಐದನೇ ಸಲ ಏಳೇಳು ಬದಲಾಯಿಸಿಕೊಂಡೆವು. ಬರೆಯಲು ಮನಸ್ಸಿಲ್ಲ.

ಏಪ್ರಿಲ್ 22, ಮಧ್ಯಾಹ್ನ 1.30

ಟೈಲರ್ ಹೆಂಡತಿಯ ಫೋನ್. ಅಂಗಡಿಯಲ್ಲಿ ನಿಂತಲ್ಲೇ ಕುಸಿದು ಬಿದ್ದನಂತೆ. ಕೈಯಲ್ಲಿ ಕತ್ತರಿ ಇತ್ತಂತೆ. ಆಂಬುಲೆನ್ಸಿನಲ್ಲಿ ಒಯ್ದಿದ್ದಾರೆ. ಎಚ್ಚರ ಇದೆ, ಮಾತಾಡುತ್ತಿಲ್ಲ.

ಮಾತಾಡುತ್ತಿಲ್ಲ. ಅವನು!

ನನ್ನ ಕ್ಯಾಪ್ಸೂಲಿನಿಂದಲೇ ಆಗಿದ್ದರೆ? ಅವನ ಮೈಗೆ ಬರೆದಿರದಿದ್ದ ಮದ್ದನ್ನು ನಾನೇ ಹಾಕಿದೆನಲ್ಲ. ನಾಡಿ 104. ತಂಗಿ ಬಂದು ಪುಸ್ತಕ ಕಿತ್ತುಕೊಂಡರೆ ಕಿತ್ತುಕೊಳ್ಳಲಿ.

ಸಂಜೆ 6. ಸುದ್ದಿಯಿಲ್ಲ. ಸಂಜೆಯ ಕ್ಯಾಪ್ಸೂಲ್ ನನ್ನ ಬಾಟಲಿಯಿಂದಲೇ ನುಂಗಿದೆ. ಅವನದೊಂದು ನನ್ನ ಹತ್ತಿರ ಉಳಿದಿದೆ. ಮುಟ್ಟಲಿಲ್ಲ.

ಏಪ್ರಿಲ್ 23, ಬೆಳಗ್ಗೆ 10

ಟೈಲರ್‌ನದೇ ಫೋನ್. ದನಿ ಕೇಳಿದ ಮೇಲೆ ಕುರ್ಚಿಯಲ್ಲಿ ಕೂತೆ.

ಬೇರೆ ಏನೂ ಅಲ್ಲವಂತೆ. ಬಿ.ಪಿ. ಮಾತ್ರೆಯ ಡೋಸ್ ಅವನಿಗೆ ಜಾಸ್ತಿಯಾಗಿತ್ತು, ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಆದರೆ ಅದು ತಿಳಿಯುವ ಮುಂಚೆ ಎಮರ್ಜೆನ್ಸಿಯವರು ಟ್ರಯಲ್ ಕಚೇರಿಗೆ ಫೋನ್ ಮಾಡಿ, ಇವನು ತಿನ್ನುತ್ತಿರುವುದು ಮದ್ದೋ ಹುಸಿಯೋ ಹೇಳಿ ಎಂದರಂತೆ. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಬಾಯಿ ಬಿಡಲೇಬೇಕಂತೆ. ಬಿಟ್ಟಿದೆ.

"ಅಕ್ಕಾ, ನನ್ನದೇ ಅಸಲಿ!"

ಏನು ಕೇಳುತ್ತಿದ್ದೇನೆ ಎಂದೇ ತಿಳಿಯಲಿಲ್ಲ.

"0218 ಅಸಲಿ ಮದ್ದಂತೆ ಅಕ್ಕಾ! ನಂದು! ಹಗುರದ್ದು!"

"ಹಾಗಾದ್ರೆ... ನಾನು ನಿಂದು ಅರ್ಧ..."

ಅವನು ನಕ್ಕ. "ಒಳ್ಳೇದೇ ಆಯ್ತಲ್ಲ! ನಿಮಗೆ ಏನೂ ಸಿಗ್ತಾ ಇರ್ಲಿಲ್ಲ, ಈಗ ಅರ್ಧ ಆದ್ರೂ ಸಿಕ್ತು."

ಅವನು ಆಡಿದ್ದು ಇದನ್ನೇ. ಅಕ್ಷರ ಬದಲಾಯಿಸದೆ ಬರೆದಿದ್ದೇನೆ.

ಇನ್ನೊಂದಿದೆ. ರಕ್ತದಲ್ಲಿ ಮದ್ದು ಇರಬೇಕಾದ ಅರ್ಧದಷ್ಟೇ ಇತ್ತಂತೆ. ಸಂಜೆಯದು ಮರೆಯುತ್ತೀರಾ ಎಂದು ಕೇಳಿದ್ದಕ್ಕೆ ಹೂಂ ಎಂದನಂತೆ. ಹಾಗೆ ಮರೆಯುವವರನ್ನು ಇಟ್ಟುಕೊಳ್ಳುವುದಿಲ್ಲ, ಟ್ರಯಲ್ ಬಿಡಬೇಕಾಗುತ್ತದೆ ಎಂದರಂತೆ.

"ನಿಮ್ಮ ಸುದ್ದಿ ಎತ್ತಿಲ್ಲ ಅಕ್ಕಾ, ಆರಾಮಾಗಿರಿ."

ಆರಾಮಾಗಿರಬೇಕಂತೆ.

ಏಪ್ರಿಲ್ 24

ಎಲ್ಲವನ್ನೂ ತಂಗಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

"ಭಾರ ಇದ್ದಿದ್ದೇ ಅಸಲಿ ಅಂತ ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಲಿಲ್ಲ. ತಕ್ಕಡಿ ಹೇಳಿದ್ದು ಹನ್ನೊಂದು ಮಿಲಿಗ್ರಾಂ ವ್ಯತ್ಯಾಸ ಎಂದಷ್ಟೇ. ಮುಂದಿನದು ನಾನು ಸೇರಿಸಿದ್ದು. ಜೀವಮಾನವೆಲ್ಲ ತೂಕ ಕಡಿಮೆಯಾದಲ್ಲಿ ಕಳ್ಳನನ್ನು ಹುಡುಕಿ ಹುಡುಕಿ, ಹಗುರವಾದದ್ದೆಲ್ಲ ಖೊಟ್ಟಿ ಎಂದೇ ಕಣ್ಣಿಗೆ ಕೂತುಬಿಟ್ಟಿದೆ. ಬರೀ ಪುಡಿ ಮದ್ದಿಗಿಂತ ಭಾರ ಇರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ. ಹೊಸಬರು ಹೀಗೆ ರಿಪೋರ್ಟ್ ಬರೆದಿದ್ದರೆ ಹರಿದು ಹಾಕುತ್ತಿದ್ದೆ.

ನಾಚಿಕೆ. ದೊಡ್ಡ ನಾಚಿಕೆ. 31ರವನ ಬಾಯಿಂದ ಮೂವತ್ತನಾಲ್ಕು ಕ್ಯಾಪ್ಸೂಲ್ ಕಿತ್ತು ತಿಂದೆ, ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡು!

"ಹೋಗಿ ಹೇಳ್ತೀಯಾ?" ತಂಗಿ.

"ಹೇಳ್ತೀನಿ."

"ನಾನೂ ಬರ್ತೀನಿ. ಅವರು ಬೈದ್ರೆ ನಿನ್ನ ಹಾರ್ಟು ನೋಡ್ಕೊಳ್ಳೋಕೆ ಒಬ್ರು ಬೇಕಲ್ಲ."

ಏಪ್ರಿಲ್ 25

ಹೇಳಿದೆ.

ಡಾಕ್ಟರ್ ಎದುರು, ಡಬ್ಬಿ ಸಿಸ್ಟರ್ ಪಕ್ಕದಲ್ಲಿ. ಒಂದು ಕವರಿನಲ್ಲಿ ಉಳಿದ ಆ ಒಂದು ಕ್ಯಾಪ್ಸೂಲ್. ಮೇಲೆ ಬರೆದಿದ್ದೆ: '0218. ಪಡೆದದ್ದು 35. ತಿಂದದ್ದು 34. ಬಾಕಿ 1.' ಮಾರ್ಚ್ 19ರಿಂದ ಏಪ್ರಿಲ್ 21ರವರೆಗೆ. ಮೊದಲು ಹೇಳಿದ್ದು ನಾನು, ಒತ್ತಾಯ ಮಾಡಿದ್ದು ನಾನು, ಟೈಲರ್ ಮರೆಯುವವನಲ್ಲ, ಒಂದು ದಿನವೂ ಮರೆತಿಲ್ಲ.

ಡಬ್ಬಿ ಸಿಸ್ಟರ್ ಕಣ್ಣಲ್ಲಿ ನೀರು. "ಒಂದೊಂದೇ ಎಣಿಸ್ತಿದ್ದೆನಲ್ಲಮ್ಮಾ ನಾನು... ಬೆಸ್ಟ್ ಪೇಷಂಟ್ಸ್ ಅಂತ ಎಲ್ಲರ ಹತ್ರ ಹೇಳ್ತಿದ್ದೆ." ಅದಕ್ಕಿಂತ ಕೆನ್ನೆಗೆ ಒಂದು ಕೊಟ್ಟಿದ್ದರೆ ವಾಸಿ ಇತ್ತು.

ಡಾಕ್ಟರ್ ಪೆನ್ ಕೆಳಗಿಟ್ಟಿದ್ದರು. ಕೆಳಗಿಟ್ಟಿದ್ದನ್ನು ಮೊದಲ ಸಲ ನೋಡಿದೆ. ನಿಮ್ಮಿಬ್ಬರ ಲೆಕ್ಕವನ್ನು ಬೇರೆಯಾಗಿ ಗುರುತು ಹಾಕಬೇಕಾಗುತ್ತದೆ, ಮೇಲಿನವರಿಗೆ ವರದಿ ಹೋಗುತ್ತದೆ ಎಂದರು. ಆಗಲಿ ಎಂದೆ. ಆಮೇಲೆ ಅವರ ಹುಬ್ಬು ಮೇಲೇರಿತು.

"ಒಂದ್ನಿಮಿಷ. ಎಷ್ಟು ವ್ಯತ್ಯಾಸ ಅಂದ್ರಿ?"

"ಹನ್ನೊಂದು ಮಿಲಿಗ್ರಾಂ."

"ಎಲ್ಲದರಲ್ಲೂ?"

"ಹತ್ತಕ್ಕೆ ಹತ್ತು."

ಪೆನ್ ಮತ್ತೆ ಕೈಗೆ ಬಂತು. "ಅಂದ್ರೆ ಮನೇಲಿ ಒಳ್ಳೆ ತಕ್ಕಡಿ ಇರೋ ಯಾರು ಬೇಕಾದ್ರೂ... ಅಯ್ಯೋ, ಇದು ನಮಗೇ ಗೊತ್ತಿಲ್ಲ!" ಕೋಪ ಎಲ್ಲಿ ಹೋಯಿತೋ. ತಲೆಗೆ ಹುಳ ಹೊಕ್ಕವರ ಕಣ್ಣು ನನಗೆ ಚೆನ್ನಾಗಿ ಗೊತ್ತು, ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

ಏಳುವಾಗ ಕೇಳಿದೆ. "ಟೈಲರ್‌ಗೆ ಮದ್ದು?"

"ಕಮಿಟಿಯವರನ್ನ ಕೇಳ್ತೀನಿ. ಮರೆವಲ್ಲ ಅಂತಾದ್ರೆ ಒಪ್ಪಬಹುದು."

ಏಪ್ರಿಲ್ 29

ಟ್ರಯಲ್ ಕಚೇರಿಯಿಂದ ಒಬ್ಬರು ಬಂದಿದ್ದರು. ಕೈಗೆ ಗ್ಲೌಸ್. ಅವರೇ ತಂದ ಕ್ಯಾಪ್ಸೂಲುಗಳನ್ನು ನನ್ನ ತಕ್ಕಡಿಯಲ್ಲಿ ನನ್ನಿಂದಲೇ ತೂಗಿಸಿದರು. ಆಮೇಲೆ ತಮ್ಮ ಎಲೆಕ್ಟ್ರಾನಿಕ್ ಯಂತ್ರದಲ್ಲಿ ತೂಗಿದರು. 11.2 ಬಂತು. ಆ .2 ನನ್ನ ಮುಳ್ಳಿಗೆ ಸಿಗುವಂಥದ್ದಲ್ಲ, ಬಿಡಿ. ಇಷ್ಟು ನಾಚಿಕೆಯ ನಡುವೆಯೂ ಸ್ವಲ್ಪ ಜಂಬ ಬಂದದ್ದು ನಿಜ.

ಎಲ್ಲರ ಬಾಟಲಿಯನ್ನೂ ಬದಲಾಯಿಸುತ್ತಾರಂತೆ, ಎರಡೂ ಒಂದೇ ತೂಕ ಬರುವಂತೆ.

ಟೈಲರ್‌ಗೆ ಕಮಿಟಿ ಒಪ್ಪಿದೆ. ಕೊನೆಯವರೆಗೆ ದಿನಕ್ಕೆರಡು, ಪೂರ್ತಿ. ಮೂರು ವಾರ ಉಳಿದಿದೆ. ಮೂರು ವಾರದಲ್ಲಿ ಎಷ್ಟು ಆದೀತು? ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲ. ಗೊತ್ತಿದ್ದಿದ್ರೆ ಟ್ರಯಲ್ ಯಾಕೆ ಮಾಡ್ತಿದ್ವಿ?"

ಮೇ 20

ನನ್ನ ಸ್ಕ್ಯಾನ್ ಆಯಿತು. ಸುರಂಗದಂಥ ಯಂತ್ರ, ಒಳಗೆ ಮಲಗಿದರೆ ಪಕ್ಕದಲ್ಲಿ ಯಾರೋ ಕಬ್ಬಿಣ ಬಡಿಯುವ ಸದ್ದು.

46 ಇದ್ದದ್ದು 51.

"ಆ ಮೂವತ್ತನಾಲ್ಕು ಕ್ಯಾಪ್ಸೂಲಿಂದಾನಾ?" ಎಂದೆ.

"ನಿಮ್ಮದು ಸಣ್ಣ ಅಟ್ಯಾಕ್. ಏನೂ ತಗೊಳ್ದೇ ಇದ್ರೂ ಏರ್ತಿತ್ತೇನೋ. ಒಬ್ಬರನ್ನ ನೋಡಿ ಹೇಳೋಕಾಗಲ್ಲ, ಅದಕ್ಕೇ 640 ಜನ."

ಐದು ಏರಿದೆ. ಸಂತೋಷಪಡಬೇಕು. ಅದರಲ್ಲಿ ಎಷ್ಟು ನನ್ನದು, ಎಷ್ಟು ಅವನದು ಎಂದು ತೂಗುವ ತಕ್ಕಡಿ ಎಲ್ಲೂ ಇಲ್ಲ. ಟೈಲರ್ ರಿಸಲ್ಟ್ ನಾಡಿದ್ದು.

ಮೇ 22, ಮಧ್ಯಾಹ್ನ 12.15

ಆಸ್ಪತ್ರೆಯ ಬೆಂಚಿನಲ್ಲಿ ಅವನ ಹೆಂಡತಿ, ನಾನು, ತಂಗಿ. ಒಳಗೆ ಅವನು. ಪುಸ್ತಕ ತಂದಿದ್ದೇನೆ, ಕೈ ಸುಮ್ಮನಿರುವುದಿಲ್ಲ. 35 ದಾಟಬೇಕು. ಬೇರೇನೂ ಬೇಡ. ಮೊದಲ ದಿನದ ನಡುಕ ಮತ್ತೆ ಬಂದಿದೆ.

12.40

37.

ಮೂವತ್ತೇಳು! ಪೆಟ್ಟಿಗೆ ಬೇಡ! ಹೊರಗೆ ಬಂದವನೇ ಎಡಗೈಯಲ್ಲಿ ಗಾಳಿಯನ್ನು ಕಚಕಚ ಕತ್ತರಿಸಿ ತೋರಿಸಿದ. ಅವನ ಹೆಂಡತಿ ಅತ್ತಳು, ನಾನೂ ಅತ್ತೆ. ಡಬ್ಬಿ ಸಿಸ್ಟರ್ ಬಂದು ಅವಳಿಗೆ ನೀರು ಕೊಟ್ಟರು. ನನಗೂ ಕೊಟ್ಟರು.

ಪೂರ್ತಿ ಮದ್ದು ತಿಂದಿದ್ದರೆ 40 ಆಗುತ್ತಿತ್ತೋ, 37ಕ್ಕೇ ನಿಲ್ಲುತ್ತಿತ್ತೋ. ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲದರಲ್ಲೂ ಮೂಗು ತೂರಿಸುವ ನಾನು ಇದೊಂದನ್ನು ತಿಳಿಯದೆಯೇ ಸಾಯಬೇಕು.

ಸಂಜೆ 5

ಈಗ ಟೈಲರ್ ಅಂಗಡಿಯಲ್ಲಿದ್ದೇನೆ. ನನ್ನ ಹಳೇ ಇನ್ಸ್‌ಪೆಕ್ಟರ್ ಕೋಟನ್ನು ಬಿಗಿ ಮಾಡಿಕೊಡುತ್ತಾನಂತೆ, ನಾನು ಇಳಿದುಹೋಗಿದ್ದೇನಂತೆ. ತಂಗಿ ಕೆಳಗೆ ಆಟೋ ಹುಡುಕುತ್ತಿದ್ದಾಳೆ. ಅಳತೆ ತೆಗೆಯುವಾಗ ನೇರವಾಗಿ ಕೇಳಿಬಿಟ್ಟೆ. ನನ್ನ ಮೇಲೆ ಕೋಪ ಇಲ್ವಾ?

"ಇತ್ತು," ಎಂದ. "ಒಂದಿನ ಪೂರ್ತಿ ಇತ್ತು. ಆಮೇಲೆ ಒಂದು ಮಾತು ತಲೇಲಿ ಕೂತ್ಬಿಡ್ತು, ಅದನ್ನ ಕೇಳ್ಬೇಕು. ಅಸಲಿ ನಿಮ್ಮದೇ ಅಂತ ಅಂದ್ಕೊಂಡಿದ್ರಿ ತಾನೆ? ಅಂದ್ಕೊಂಡೇ ಅದರಲ್ಲಿ ಅರ್ಧ ನಂಗೆ ಕೊಟ್ರಿ. ಹೆಂಡ್ತಿ ಅಲ್ಲ, ಮಕ್ಕಳಲ್ಲ. ಪಕ್ಕದ ಮಂಚದವನು. ಯಾಕಕ್ಕಾ ಕೊಟ್ರಿ?"

ಅವನು ಸೀಮೆಸುಣ್ಣ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದ್ದಾನೆ. ಬರೆದರೆ ಉತ್ತರ ಬಂದೀತು ಎಂದು ಪುಸ್ತಕ ತೆಗೆದೆ. ಯಾಕೆಂದರೆ, ಅವತ್ತು ಹಲ್ಲು ಕಟಕಟ ಎನ್ನುತ್ತಿದ್ದಾಗ ಪರದೆಯ ಆಚೆಯಿಂದ ನೀನು, ನಿನಗೇ ಅಷ್ಟು

ತಂಗಿ ಕರೆಯುತ್ತಿದ್ದಾಳೆ. ಆಟೋ ಬಂತು. ಒಂದು ನಿಮಿಷ, ಇವನಿಗೆ ಬಾಯಲ್ಲೇ ಹೇಳಿ